ಡೆಸ್ಕ್‌ಟಾಪ್‌ಗೆ ಎಸ್‌ಎಂಪಿಎಸ್ ಮತ್ತು ಉಳಿದ ಪಾರ್ಟ್ಸ್ ಆರಿಸೋದು ಹೇಗೆ: ಲೆಕ್ಕದಿಂದ ಮೊದಲ ಬೂಟ್‌ವರೆಗೆ

ಹೊಸ ಡೆಸ್ಕ್‌ಟಾಪ್ ಕಟ್ಟೋಕೆ ಹೊರಟವರ ಲಿಸ್ಟ್ ನೋಡಿದ್ರೆ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಪ್ರೊಸೆಸರ್ ಬಗ್ಗೆ ನಾಲ್ಕು ದಿನ ಯೋಚ್ನೆ, ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಒಂದು ವಾರ, ಬಣ್ಣಬಣ್ಣದ ಲೈಟ್ ಇರೋ ರ‍್ಯಾಮ್ ಯಾವ್ದು ಅಂತ ಇನ್ನೆರಡು ದಿನ, ಕೊನೇಲಿ ಉಳಿದ ದುಡ್ಡಿಗೆ ಬರೋ ಯಾವ್ದೋ ಒಂದು ಎಸ್‌ಎಂಪಿಎಸ್, ಅಂದ್ರೆ ಪಾರ್ಟ್ಸಿಗೆಲ್ಲ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಆದ್ರೆ ಇಡೀ ಕ್ಯಾಬಿನೆಟ್‌ನಲ್ಲಿ ಬೇರೆ ಎಲ್ಲಾ ಪಾರ್ಟಿಗೂ ಕರೆಂಟ್ ಹೋಗೋದು ಎಸ್‌ಎಂಪಿಎಸ್ ಒಂದರಿಂದಲೇ, ಅದು ಕೆಟ್ಟದ್ದಾದ್ರೆ ತಾನೊಬ್ಬನೇ ಹೋಗಲ್ಲ, ಜೊತೆಗೆ ಮದರ್‌ಬೋರ್ಡನ್ನೋ ಹಾರ್ಡ್ ಡಿಸ್ಕನ್ನೋ ಕರ್ಕೊಂಡು ಹೋಗತ್ತೆ.

ನನಗೆ ಇದು ಅರ್ಥ ಆಗಿದ್ದು ಎರಡು ವಾರ ಒದ್ದಾಡಿದ ಮೇಲೆ. ಹಳೇ ಸಿಸ್ಟಮ್‌ಗೆ 220 ವ್ಯಾಟ್ ಎಳೆಯೋ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದೆ, ಬ್ರೌಸರ್ ಓಡಿಸುವಾಗ ಏನೂ ತೊಂದ್ರೆ ಇಲ್ಲ, ವಿಡಿಯೊ ನೋಡುವಾಗಲೂ ಇಲ್ಲ, ಗೇಮ್ ಶುರು ಮಾಡಿ ಹತ್ತು ನಿಮಿಷಕ್ಕೆ ಟಪ್ ಅಂತ ಪೂರ್ತಿ ಆಫ್, ಎರರ್ ಇಲ್ಲ, ನೀಲಿ ಸ್ಕ್ರೀನ್ ಇಲ್ಲ, ಫ್ಯಾನುಗಳೆಲ್ಲ ಒಟ್ಟಿಗೆ ನಿಂತುಬಿಡೋದು. ರ‍್ಯಾಮ್ ಬಿಚ್ಚಿ ಹಾಕಿದೆ, ವಿಂಡೋಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ, ಡ್ರೈವರ್ ಮೂರು ಸಲ ಬದಲಾಯಿಸಿದೆ. ಆಮೇಲೆ ಒಂದಿನ ಟಾರ್ಚ್ ಹಿಡ್ಕೊಂಡು ಎಸ್‌ಎಂಪಿಎಸ್ ಪಕ್ಕದ ಸ್ಟಿಕ್ಕರ್ ಓದಿದೆ. ದೊಡ್ಡ ಅಕ್ಷರದಲ್ಲಿ 550 ವ್ಯಾಟ್. ಕೆಳಗೆ ಸಣ್ಣ ಟೇಬಲ್‌ನಲ್ಲಿ 12 ವೋಲ್ಟ್ ಕೆಳಗಡೆ 24 ಆಂಪಿಯರ್. 12 ಇಂಟು 24 ಅಂದ್ರೆ 288 ವ್ಯಾಟ್ ಅಷ್ಟೇ. ಕಾರ್ಡಿಗೆ 220, ಪ್ರೊಸೆಸರ್‌ಗೆ 90ರ ಹತ್ರ, ಅಲ್ಲಿಗೇ 288 ದಾಟಿ ಹೋಯ್ತು. ಪಾಪ ಆ ಡಬ್ಬಿ ತನ್ನ ಪಾಡಿಗೆ ಕೈಲಾಗಲ್ಲ ಅಂತ ಹೇಳ್ತಾ ಇತ್ತು, ನಾನು ವಿಂಡೋಸ್ ಮೇಲೆ ಅನುಮಾನ ಪಡ್ತಾ ಕೂತಿದ್ದೆ.

ಅದಕ್ಕೇ ಇಲ್ಲಿ ಕ್ರಮ ಬೇರೆ ಇದೆ. ಮೊದಲು ಕೆಲಸ, ಆಮೇಲೆ ಪಾರ್ಟ್ಸ್, ಆಮೇಲೆ ಆ ಪಾರ್ಟ್ಸ್ ಎಳೆಯೋ ಕರೆಂಟ್ ಲೆಕ್ಕ, ಅದಾದ್ಮೇಲೆ ಎಸ್‌ಎಂಪಿಎಸ್. ಆದ್ರೆ ದುಡ್ಡು ಮಾತ್ರ ಎಸ್‌ಎಂಪಿಎಸ್‌ಗೆ ಅಂತ ಮೊದಲೇ ತೆಗೆದಿಟ್ಟುಬಿಡಿ.

ಹಂತ 1: ಏನ್ ಕೆಲಸಕ್ಕೆ ಅಂತ ಬರೆದುಕೊಳ್ಳಿ

ಒಂದು ಹಾಳೆ ತಗೊಂಡು ಬರೀರಿ. ಬರವಣಿಗೆ, ಬ್ರೌಸಿಂಗ್, ಆಫೀಸ್ ಕೆಲಸ ಅಷ್ಟೇನಾ, ಪ್ರೋಗ್ರಾಮಿಂಗಾ, ವಿಡಿಯೊ ಎಡಿಟಿಂಗಾ, ಗೇಮಾ, ಗೇಮ್ ಆದ್ರೆ ಮಾನಿಟರ್ ರೆಸಲ್ಯೂಶನ್ ಎಷ್ಟು. ಮಾನಿಟರ್ 1080ಪಿ ಇಟ್ಕೊಂಡು 4ಕೆಗೆ ಆಗೋ ಕಾರ್ಡ್ ತಗೊಳ್ಳೋದ್ರಲ್ಲಿ ಅರ್ಥ ಇಲ್ಲ. ಮುಂದಿನ ಎರಡು ಮೂರು ವರ್ಷದಲ್ಲಿ ಕಾರ್ಡ್ ಬದಲಾಯಿಸೋ ಯೋಚ್ನೆ ಇದ್ರೆ ಅದನ್ನೂ ಬರೀರಿ, ಎಸ್‌ಎಂಪಿಎಸ್ ಆರಿಸುವಾಗ ಬೇಕಾಗತ್ತೆ.

ಹಂತ 2: ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಮೂರನ್ನೂ ಒಟ್ಟಿಗೆ ಆರಿಸಿ

ಇವು ಮೂರು ಬಿಡಿಬಿಡಿ ಪಾರ್ಟ್ ಅಲ್ಲ, ಒಂದು ಗಂಟು. ಪ್ರೊಸೆಸರ್ ಯಾವ ಸಾಕೆಟ್ಟಿಗೆ (ಬೋರ್ಡಲ್ಲಿ ಅದು ಕೂರೋ ಜಾಗ) ಮಾಡಿದ್ದೋ ಬೋರ್ಡ್ ಅದೇ ಸಾಕೆಟ್ ಇರಬೇಕು, ಬೋರ್ಡ್ ಯಾವ ರ‍್ಯಾಮ್ ತಗೊಳ್ಳತ್ತೋ ಅದೇ ರ‍್ಯಾಮ್ ಕೊಳ್ಳಬೇಕು. ಎಎಂಡಿಯಲ್ಲಿ ಎಎಂ4 ಸಾಕೆಟ್ ಅಂದ್ರೆ ಡಿಡಿಆರ್4 ತಲೆಮಾರಿನ ರ‍್ಯಾಮ್, 2022ರಲ್ಲಿ ಬಂದ ಎಎಂ5 ಅಂದ್ರೆ ಡಿಡಿಆರ್5 ಮಾತ್ರ. ಇಂಟೆಲ್‌ನಲ್ಲಿ 12, 13, 14ನೇ ಜನರೇಶನ್ನಿಗೆ ಎಲ್‌ಜಿಎ 1700, ಇದರಲ್ಲಿ ಡಿಡಿಆರ್4 ತಗೊಳ್ಳೋ ಬೋರ್ಡೂ ಇವೆ ಡಿಡಿಆರ್5 ತಗೊಳ್ಳೋ ಬೋರ್ಡೂ ಇವೆ, ಹೆಸರು ಒಂದೇ ಥರ ಇದ್ದು ಕೊನೇಲಿ ಡಿ4 ಅಂತಷ್ಟೇ ವ್ಯತ್ಯಾಸ ಇರಬಹುದು, ಜನ ಜಾಸ್ತಿ ಎಡವೋದು ಇಲ್ಲೇ. ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851, ಅದು ಡಿಡಿಆರ್5 ಮಾತ್ರ. ಡಿಡಿಆರ್4 ಕಡ್ಡಿ ಡಿಡಿಆರ್5 ಸ್ಲಾಟಿಗೆ ಕೂರೋದೇ ಇಲ್ಲ, ಮಧ್ಯದ ಕಚ್ಚು ಬೇರೆ ಜಾಗದಲ್ಲಿ ಇರತ್ತೆ, ದಯವಿಟ್ಟು ಒತ್ತಿ ನೋಡ್ಬೇಡಿ.

ಪ್ರೊಸೆಸರ್ ಹೆಸರಿನ ಕೊನೇ ಅಕ್ಷರ ನೋಡಿ. ಇಂಟೆಲ್‌ನಲ್ಲಿ ಎಫ್ ಅಂತ ಇದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದೆ ಸ್ಕ್ರೀನಲ್ಲಿ ಏನೂ ಬರಲ್ಲ. ರೈಜನ್ 5 5600 ಥರದ ಎಷ್ಟೋ ಎಎಂ4 ಚಿಪ್ಪುಗಳಲ್ಲಿ ಎಫ್ ಇಲ್ಲದಿದ್ರೂ ಗ್ರಾಫಿಕ್ಸ್ ಇಲ್ಲ, ಜಿ ಅಂತ ಇರೋದ್ರಲ್ಲಿ ಇದೆ. ರೈಜನ್ 7000 ಡೆಸ್ಕ್‌ಟಾಪ್ ಸರಣಿಯಲ್ಲಿ ಎಫ್ ಇಲ್ಲದವಕ್ಕೆ ಚಿಕ್ಕದೊಂದು ಗ್ರಾಫಿಕ್ಸ್ ಕೊಟ್ಟಿದ್ದಾರೆ, ಗೇಮಿಗೆ ಸಾಲಲ್ಲ, ಆದ್ರೆ ಕಾರ್ಡ್ ಕೆಟ್ಟಾಗ ಸಿಸ್ಟಮ್ ಚೆಕ್ ಮಾಡೋಕೆ ಅದು ಎಷ್ಟು ಉಪಯೋಗ ಅಂತ ಕೆಟ್ಟಾಗಲೇ ಗೊತ್ತಾಗೋದು.

ಇನ್ನು ಪೆಟ್ಟಿಗೆ ಮೇಲೆ ಬರೆದಿರೋ ಟಿಡಿಪಿ ಬಗ್ಗೆ, ಅಂದ್ರೆ ಕೂಲರ್ ಎಷ್ಟು ಶಾಖ ಹೊರಹಾಕಬೇಕು ಅಂತ ವ್ಯಾಟಲ್ಲಿ ಹೇಳೋ ಸಂಖ್ಯೆ. ಅದು ಪ್ರೊಸೆಸರ್ ಎಳೆಯೋ ಗರಿಷ್ಠ ಕರೆಂಟ್ ಅಲ್ಲ. ಎಎಂಡಿಯ 65 ವ್ಯಾಟ್ ಚಿಪ್ ಪೂರ್ತಿ ಲೋಡಲ್ಲಿ 88 ವ್ಯಾಟ್‌ವರೆಗೆ ಹೋಗತ್ತೆ, 105 ಅಂತ ಇರೋದು 142ರವರೆಗೆ, 170 ಅಂತ ಇರೋದು 230ರವರೆಗೆ. ಇಂಟೆಲ್‌ನ ಕೋರ್ ಐ5 13600ಕೆಗೆ ಬೇಸ್ ಪವರ್ 125, ಟರ್ಬೋದಲ್ಲಿ 181. ಐ7 13700ಕೆಗೆ ಬೇಸ್ ಅದೇ 125, ಟರ್ಬೋದಲ್ಲಿ 253. ಲೆಕ್ಕಕ್ಕೆ ತಗೋಬೇಕಾದ್ದು ಈ ಎರಡನೇ ಸಂಖ್ಯೆ. 253 ವ್ಯಾಟ್ ಎಳೆಯೋ ಚಿಪ್ಪನ್ನ ತೀರಾ ಅಗ್ಗದ ಬೋರ್ಡ್ ಮೇಲೆ ಕೂರಿಸಿದ್ರೆ ಪ್ರೊಸೆಸರ್‌ಗೆ ವೋಲ್ಟೇಜ್ ಇಳಿಸಿಕೊಡೋ ವಿಆರ್‌ಎಂ ಸರ್ಕ್ಯೂಟ್ ಕಾದು ಸ್ಪೀಡ್ ತಾನೇ ಇಳಿದುಬಿಡತ್ತೆ, ಕೊಟ್ಟ ದುಡ್ಡು ಪೋಲು. ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇರೋ ಬೋರ್ಡ್ ನೋಡಿ.

ರ‍್ಯಾಮ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಂದು 16 ಜಿಬಿ ಕಡ್ಡಿ ಬದಲು ಎರಡು 8 ಜಿಬಿ, ಅಥವಾ ಎರಡು 16 ಜಿಬಿ, ಒಂದೇ ಪ್ಯಾಕಲ್ಲಿ ಬಂದಿರೋ ಜೋಡಿ ತಗೊಳ್ಳಿ, ಡ್ಯುಯಲ್ ಚಾನಲ್ ಸಿಗತ್ತೆ, ಅಂದ್ರೆ ಎರಡೂ ಕಡ್ಡಿ ಒಟ್ಟಿಗೆ ಕೆಲಸ ಮಾಡಿ ಸ್ಪೀಡ್ ಜಾಸ್ತಿ ಆಗತ್ತೆ. ಡಿಡಿಆರ್5ನಲ್ಲಿ ನಾಲ್ಕು ಕಡ್ಡಿ ಹಾಕಿದ್ರೆ ಸ್ಪೀಡ್ ಇಳಿಯತ್ತೆ, ಹಾಗಾಗಿ ಬೇಕಾದಷ್ಟನ್ನ ಎರಡರಲ್ಲೇ ಮುಗಿಸಿ.

ಹಂತ 3: ಗ್ರಾಫಿಕ್ಸ್ ಕಾರ್ಡ್

ಕರೆಂಟ್ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಬಾಯಿ ಇದರದ್ದೇ. ಆರ್‌ಟಿಎಕ್ಸ್ 4060 ಅಂದ್ರೆ 115 ವ್ಯಾಟ್, 4070 ಅಂದ್ರೆ 200, 4080 ಅಂದ್ರೆ 320, 4090 ಅಂದ್ರೆ 450, 5090 ಅಂದ್ರೆ 575. ಎಎಂಡಿಯ ಆರ್‌ಎಕ್ಸ್ 7800 ಎಕ್ಸ್‌ಟಿ 263. ಒಂದೇ ಚಿಪ್ ಇದ್ರೂ ಕಾರ್ಡ್ ಮಾಡೋ ಕಂಪನಿಗಳು ಓವರ್‌ಕ್ಲಾಕ್ ಮಾಡಿ, ಅಂದ್ರೆ ಸ್ಪೀಡ್ ಏರಿಸಿ ಬಿಟ್ಟಿರೋ ಮಾಡೆಲ್‌ಗಳಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ ಇರತ್ತೆ, ಆಯಾ ಕಾರ್ಡಿನ ಸ್ಪೆಸಿಫಿಕೇಶನ್ ಪೇಜ್‌ನಲ್ಲೇ ನೋಡಿ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿರಲ್ಲ, ಈ ಸಂಖ್ಯೆಗಳು ಸರಾಸರಿ. ನಿಜವಾಗಿ ಕಾರ್ಡ್ ಕೆಲವೇ ಮೈಕ್ರೋಸೆಕೆಂಡ್ ಹೊತ್ತು ಇದಕ್ಕಿಂತ ತುಂಬಾ ಜಾಸ್ತಿ ಎಳೆಯತ್ತೆ, ಕಣ್ಣು ಮಿಟುಕಿಸೋದರೊಳಗೆ ಸಾವಿರ ಸಲ ಏರಿ ಇಳಿದಿರತ್ತೆ. ಇದನ್ನ ತಡ್ಕೊಳ್ಳೋ ಶಕ್ತಿ ಎಸ್‌ಎಂಪಿಎಸ್‌ಗೆ ಇಲ್ಲದಿದ್ರೆ ಅದರ ಪ್ರೊಟೆಕ್ಷನ್ ಎಚ್ಚೆತ್ತು ಆಫ್ ಮಾಡಿಬಿಡತ್ತೆ, ಲೆಕ್ಕದ ಪ್ರಕಾರ ಸಾಕಾಗಬೇಕಿತ್ತಲ್ಲಾ ಅಂತ ನಾವು ತಲೆ ಕೆಡಿಸ್ಕೊಂಡು ಕೂತಿರ್ತೀವಿ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಇದಕ್ಕೇ ಅಂತಲೇ ಬರೆದದ್ದು, ದೊಡ್ಡ ಕಾರ್ಡುಗಳಿಗೆ ಅಂತ ಮಾಡಿರೋ ಎಸ್‌ಎಂಪಿಎಸ್ ತನ್ನ ರೇಟಿಂಗಿನ ಎರಡು ಪಟ್ಟನ್ನ 100 ಮೈಕ್ರೋಸೆಕೆಂಡ್‌ವರೆಗೆ ತಡ್ಕೋಬೇಕು ಅಂತ ಅದರಲ್ಲಿದೆ. ದೊಡ್ಡ ಕಾರ್ಡ್ ಹಾಕೋರು ಎಟಿಎಕ್ಸ್ 3.0 ಅಥವಾ 3.1 ಅಂತ ಬರೆದಿರೋದನ್ನೇ ತಗೊಳ್ಳಿ.

ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ವಿಷಯದಲ್ಲಿ ಇಷ್ಟು ಸಾಕು: ಆಪರೇಟಿಂಗ್ ಸಿಸ್ಟಮ್‌ಗೆ ಎನ್‌ವಿಎಂಇ ಅನ್ನೋ ವೇಗದ ಥರದ ಎಸ್‌ಎಸ್‌ಡಿ, ಬೋರ್ಡಲ್ಲಿ ಅದನ್ನ ಸಿಕ್ಕಿಸೋ ಎಂ.2 ಸ್ಲಾಟ್ ಇದೆಯಾ ನೋಡ್ಕೊಳ್ಳಿ, 2280 ಅಂದ್ರೆ 22 ಮಿಮೀ ಅಗಲ 80 ಮಿಮೀ ಉದ್ದ. ಎಂ.2 ಆಕಾರದಲ್ಲೇ ಸಾಟಾ ಅನ್ನೋ ಹಳೇ, ನಿಧಾನದ ಥರದ ಎಸ್‌ಎಸ್‌ಡಿಗಳೂ ಬರ್ತವೆ, ಎಲ್ಲಾ ಸ್ಲಾಟೂ ಎರಡನ್ನೂ ತಗೊಳ್ಳಲ್ಲ, ಬೋರ್ಡಿನ ಮ್ಯಾನ್ಯುಅಲ್ ತೆಗೆದು ನೋಡ್ಬೇಕು.

ಹಂತ 4: ವ್ಯಾಟ್ ಲೆಕ್ಕ ಹಾಕಿ

ಈಗ ಆ ಹಾಳೇಲಿ ಕೂಡಿಸೋಣ. ಪ್ರೊಸೆಸರ್ ಗರಿಷ್ಠ, ಕಾರ್ಡ್ ಗರಿಷ್ಠ ಬರೆದ್ರಿ. ಮದರ್‌ಬೋರ್ಡಿಗೆ 30ರಿಂದ 50 ಇಟ್ಕೊಳ್ಳಿ, ರ‍್ಯಾಮ್ ಕಡ್ಡಿಗೆ ತಲಾ 5, ಎನ್‌ವಿಎಂಇಗೆ 8, ಫ್ಯಾನಿಗೆ ತಲಾ 3, ತಿರುಗೋ ಹಾರ್ಡ್ ಡಿಸ್ಕಿಗೆ 10, ಅದು ಸ್ಟಾರ್ಟ್ ಆಗುವಾಗ ಮಾತ್ರ ಕೆಲವು ಸೆಕೆಂಡ್ 20, 25ರವರೆಗೆ ಎಳೆಯತ್ತೆ.

ಉದಾಹರಣೆಗೆ ರೈಜನ್ 5 7600 ಮತ್ತು ಆರ್‌ಟಿಎಕ್ಸ್ 4070. 88 ಪ್ಲಸ್ 200, ಮಿಕ್ಕಿದ್ದಕ್ಕೆಲ್ಲ ಸೇರಿ 70 ಅಂತಿಟ್ಕೊಂಡ್ರೆ 358. ಇದಕ್ಕೆ 400 ವ್ಯಾಟ್ ಸಾಕಲ್ವಾ ಅನ್ಸತ್ತೆ. ಸಾಕಾಗಲ್ಲ. ಮೇಲೆ ಹೇಳಿದ ಆ ಕ್ಷಣದ ಏರಿಳಿತ ಇದೆ, ವರ್ಷಗಳು ಕಳೆದ ಹಾಗೆ ಎಸ್‌ಎಂಪಿಎಸ್ ಒಳಗೆ ವಿದ್ಯುತ್ ಹಿಡಿದಿಟ್ಟುಕೊಳ್ಳೋ ಕೆಪಾಸಿಟರ್ ಬಲ ಕಮ್ಮಿ ಆಗತ್ತೆ, ಬೇಸಿಗೆಯಲ್ಲಿ ಕ್ಯಾಬಿನೆಟ್ ಒಳಗೆ ಬಿಸಿ ಇರತ್ತೆ, ನಾಳೆ ಕಾರ್ಡ್ ಬದಲಾಯಿಸ್ತೀರಿ. ನಾನು ಕೂಡಿಸಿದ ಮೊತ್ತನ 1.5ರಿಂದ ಗುಣಿಸಿ ಅಲ್ಲಿಂದ ಮುಂದಿನ ಸೈಜ್ ತಗೊಳ್ತೀನಿ. 358 ಇಂಟು 1.5 ಅಂದ್ರೆ 537, ಸಿಗೋ ಸೈಜ್ 550, ಕೈ ಸ್ವಲ್ಪ ಸಡಿಲ ಬಿಟ್ರೆ 650. ಇನ್ನೊಂದು, ಐ7 13700ಕೆ ಜೊತೆ 4080. 253 ಪ್ಲಸ್ 320 ಪ್ಲಸ್ 70, 643. ಇದಕ್ಕೆ ಒಂದೂವರೆ ಪಟ್ಟು ಅಂದ್ರೆ 960 ಆಗತ್ತೆ, ಆದ್ರೆ ಗೇಮ್ ಆಡುವಾಗ ಪ್ರೊಸೆಸರ್ 253 ಮುಟ್ಟೋದೇ ಅಪರೂಪ, ಎರಡೂ ಒಟ್ಟಿಗೆ ತುದಿ ಮುಟ್ಟೋದು ರೆಂಡರಿಂಗ್ ಥರದ ಕೆಲಸದಲ್ಲಿ ಮಾತ್ರ, ಹಾಗಾಗಿ ಒಳ್ಳೇ 850 ಸಾಕು. ಒಂದೂವರೆ ಪಟ್ಟು ಅನ್ನೋದು ಚಿಕ್ಕ, ಮಧ್ಯಮ ಸಿಸ್ಟಮ್‌ಗೆ, ದೊಡ್ಡದಕ್ಕೆ 1.3 ಹಾಕಿದ್ರೂ ನಡೆಯತ್ತೆ.

ಹಾಗಂತ 360 ವ್ಯಾಟ್ ಸಿಸ್ಟಮ್‌ಗೆ 1200 ವ್ಯಾಟ್ ತರೋದೂ ಬೇಡ. ದೊಡ್ಡದು ಹಾಕಿದ್ರೆ ಕರೆಂಟ್ ಬಿಲ್ ಜಾಸ್ತಿ ಬರತ್ತಾ ಅಂತ ತುಂಬಾ ಜನ ಕೇಳ್ತಾರೆ, ಇಲ್ಲ, ಪಾರ್ಟ್ಸ್ ಎಷ್ಟು ಕೇಳ್ತವೋ ಅಷ್ಟೇ ಎಳೆಯೋದು, ಅದರ ಜೊತೆ ಬಿಸಿಯಾಗಿ ಹೋಗೋ ನಷ್ಟ ಒಂದಿಷ್ಟು. ಆದ್ರೆ ಅಷ್ಟು ದೊಡ್ಡದಕ್ಕೆ ಹಾಕೋ ದುಡ್ಡಲ್ಲಿ ಅದಕ್ಕಿಂತ ಒಳ್ಳೇ ಗುಣಮಟ್ಟದ 650 ಬರತ್ತೆ.

ಹಂತ 5: ಸ್ಟಿಕ್ಕರ್ ಓದೋದು ಕಲೀರಿ

ಇಡೀ ಬರಹದಲ್ಲಿ ಒಂದೇ ಒಂದು ಭಾಗ ಓದ್ತೀನಿ ಅನ್ನೋರು ಇದನ್ನ ಓದಿ.

ಎಸ್‌ಎಂಪಿಎಸ್ ಮಾಡೋ ಕೆಲಸ ಗೋಡೆಯಿಂದ ಬರೋ ಎಸಿನ 12, 5 ಮತ್ತು 3.3 ವೋಲ್ಟ್ ಡಿಸಿ ಮಾಡಿ ಕೊಡೋದು. ಹಿಂದೆ ಪ್ರೊಸೆಸರ್‌ಗಳು 5 ಮತ್ತು 3.3ರಿಂದ ಕರೆಂಟ್ ತಗೊಳ್ತಿದ್ವು, ಈಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಮ್ಮಿ ಪೂರ್ತಿ 12 ವೋಲ್ಟ್ ಲೈನಿಂದಲೇ. ಅಂದ್ರೆ ಒಟ್ಟು ವ್ಯಾಟ್ ಎಷ್ಟಾದ್ರೂ ಬರೆದುಕೊಳ್ಳಲಿ, ನಮಗೆ ಮುಖ್ಯ 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಅನ್ನೋದು. ಆಂಪಿಯರನ್ನ 12ರಿಂದ ಗುಣಿಸಿ. ಸರಿಯಾದ 650 ವ್ಯಾಟ್ ಡಬ್ಬಿಯಲ್ಲಿ 54 ಆಂಪಿಯರ್ ಇರತ್ತೆ, 648 ವ್ಯಾಟ್, ಅಂದ್ರೆ ಹೇಳಿದ ಶಕ್ತಿ ಪೂರ್ತಿ 12 ವೋಲ್ಟಲ್ಲೇ ಸಿಗತ್ತೆ. 12 ವೋಲ್ಟ್ ಲೆಕ್ಕ ಒಟ್ಟು ಸಂಖ್ಯೆಗಿಂತ ತುಂಬಾ ಕೆಳಗಿದ್ರೆ ಅದು ಹಳೇ ವಿನ್ಯಾಸ, ಇಲ್ಲಾಂದ್ರೆ 5 ಮತ್ತು 3.3 ವೋಲ್ಟಿನದ್ದನ್ನೆಲ್ಲ ಸೇರಿಸಿ ಉಬ್ಬಿಸಿ ತೋರಿಸಿರೋದು. ಎರಡು ಮೂರು 12 ವೋಲ್ಟ್ ಕಾಲಮ್ ಇದ್ರೆ ಅವನ್ನ ಸುಮ್ನೆ ಕೂಡಿಸಬೇಡಿ, ಕೆಳಗೆ ಒಟ್ಟಿಗೆ ಇಷ್ಟು ವ್ಯಾಟ್ ಅಂತ ಬರೆದಿರ್ತಾರೆ, ಅದೇ ನಿಜವಾದ ಮಿತಿ. ಸ್ಟಿಕ್ಕರ್ ಮೇಲೆ ಟೇಬಲ್ಲೇ ಇಲ್ಲ, ಬರೀ ವ್ಯಾಟ್ ಸಂಖ್ಯೆ ಮಾತ್ರ ಇದೆ ಅಂದ್ರೆ ಆ ಡಬ್ಬಿ ಮುಟ್ಟಲೇಬೇಡಿ.

ಆಮೇಲೆ 80 ಪ್ಲಸ್ ಬ್ಯಾಡ್ಜ್. ವೈಟ್, ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಟೈಟಾನಿಯಂ ಅಂತ ಮೆಟ್ಟಿಲುಗಳು. ಇದು ಹೇಳೋದು ಎಫಿಶಿಯನ್ಸಿ ಬಗ್ಗೆ, ಅಂದ್ರೆ ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಭಾಗ ಪಾರ್ಟ್ಸಿಗೆ ತಲುಪತ್ತೆ, ಎಷ್ಟು ಬಿಸಿಯಾಗಿ ಹೋಗತ್ತೆ. 115 ವೋಲ್ಟ್ ಟೆಸ್ಟಲ್ಲಿ ಅರ್ಧ ಲೋಡಿಗೆ ಬ್ರಾಂಜ್ ಅಂದ್ರೆ ಶೇಕಡಾ 85, ಗೋಲ್ಡ್ ಅಂದ್ರೆ 90. ಪಾರ್ಟ್ಸ್ 450 ವ್ಯಾಟ್ ಕೇಳಿದಾಗ ಶೇಕಡಾ 90ರದ್ದು ಗೋಡೆಯಿಂದ 500 ಎಳೆಯತ್ತೆ, 85ರದ್ದು 529ರಷ್ಟು, ಆ ವ್ಯತ್ಯಾಸ ಪೂರ್ತಿ ಡಬ್ಬಿ ಒಳಗೆ ಶಾಖ. ಶಾಖ ಕಮ್ಮಿ ಆದ್ರೆ ಫ್ಯಾನ್ ಸದ್ದು ಕಮ್ಮಿ, ಕೆಪಾಸಿಟರ್ ಬಾಳಿಕೆ ಜಾಸ್ತಿ. ಆದ್ರೆ ಬ್ಯಾಡ್ಜ್ ನೋಡಿ ಇದು ಒಳ್ಳೇದು ಅಂತ ತೀರ್ಮಾನ ಮಾಡೋದು ತಪ್ಪು, ವೋಲ್ಟೇಜ್ ಎಷ್ಟು ಸ್ಥಿರ ಇದೆ, ಪ್ರೊಟೆಕ್ಷನ್ ಸರಿಯಾಗಿ ಕೆಲಸ ಮಾಡತ್ತಾ ಅನ್ನೋದನ್ನ ಆ ಟೆಸ್ಟ್ ನೋಡೋದೇ ಇಲ್ಲ. ಸೈಬೆನೆಟಿಕ್ಸ್ ಅನ್ನೋ ಇನ್ನೊಂದು ರೇಟಿಂಗ್ ಇದೆ, ಅದರಲ್ಲಿ ಎಫಿಶಿಯನ್ಸಿಗೆ ಒಂದು, ಸದ್ದಿಗೆ ಒಂದು ಬೇರೆ ಬೇರೆ ದರ್ಜೆ ಕೊಡ್ತಾರೆ, ಸದ್ದು ಆಗದೇ ಇರೋ ಸಿಸ್ಟಮ್ ಬೇಕು ಅನ್ನೋರಿಗೆ ಅದು ಜಾಸ್ತಿ ಉಪಯೋಗ.

ಹಾಗಾದ್ರೆ ಗುಣಮಟ್ಟ ಹೇಗೆ ತಿಳ್ಕೊಳ್ಳೋದು? ಲೋಡ್ ಟೆಸ್ಟರ್ ಮತ್ತು ಆಸಿಲೋಸ್ಕೋಪ್ ಇಟ್ಕೊಂಡು, ಡಬ್ಬಿ ಬಿಚ್ಚಿ ತೋರಿಸೋ ರಿವ್ಯೂ ಹುಡುಕಿ ಓದಿ, ಅದೇ ಮಾಡೆಲ್, ಅದೇ ವ್ಯಾಟ್. ಒಂದೇ ಬ್ರ್ಯಾಂಡಿನ ಒಂದು ಸರಣಿ ಅದ್ಭುತ ಇದ್ದು ಇನ್ನೊಂದು ಸಾಧಾರಣ ಇರೋದು ಮಾಮೂಲು, ಯಾಕಂದ್ರೆ ಹೆಸರು ಹಾಕೋ ಕಂಪನಿ ಬೇರೆ, ಒಳಗಿನ ಸರ್ಕ್ಯೂಟ್ ತಯಾರಿಸೋ ಕಂಪನಿ ಬೇರೆ ಇರತ್ತೆ. ರಿವ್ಯೂನಲ್ಲಿ ರಿಪಲ್ ಅಂತ ಒಂದು ಗ್ರಾಫ್ ಬರತ್ತೆ, 12 ವೋಲ್ಟ್ ಮೇಲೆ ಎಷ್ಟು ಅಲುಗಾಟ ಇದೆ ಅಂತ, ನಿಯಮದ ಪ್ರಕಾರ 120 ಮಿಲಿವೋಲ್ಟ್ ಮೀರಬಾರದು, ಒಳ್ಳೇವು 30, 40ರಲ್ಲೇ ಇರ್ತವೆ. ಮುಖ್ಯ ಕೆಪಾಸಿಟರ್ 105 ಡಿಗ್ರಿ ಸೆಲ್ಸಿಯಸ್‌ದಾ 85 ಡಿಗ್ರಿದಾ ನೋಡಿ, 105 ಇದ್ರೆ ಒಳ್ಳೇದು. ಓವರ್ ಕರೆಂಟ್, ಓವರ್ ವೋಲ್ಟೇಜ್, ಅಂಡರ್ ವೋಲ್ಟೇಜ್, ಓವರ್ ಪವರ್, ಶಾರ್ಟ್ ಸರ್ಕ್ಯೂಟ್, ಓವರ್ ಟೆಂಪರೇಚರ್, ಈ ಆರೂ ಪ್ರೊಟೆಕ್ಷನ್ ಇರಲಿ. ಕೊನೇದಾಗಿ ವಾರಂಟಿ, 10 ವರ್ಷ ಕೊಡೋರಿದ್ದಾರೆ 2 ವರ್ಷ ಕೊಡೋರಿದ್ದಾರೆ, ತಯಾರಿಸಿದವರಿಗೇ ಎಷ್ಟು ಧೈರ್ಯ ಇದೆ ಅಂತ ಅದರಲ್ಲೇ ಗೊತ್ತಾಗತ್ತೆ.

ಹಂತ 6: ಕೇಬಲ್ ಮತ್ತು ಕನೆಕ್ಟರ್ ಎಣಿಸಿ

ವ್ಯಾಟ್ ಸರಿ ಇದ್ದೂ ಬೇಕಾದ ಪಿನ್ ಇಲ್ಲದೇ ಸಿಕ್ಕಿಹಾಕ್ಕೊಂಡವರು ತುಂಬಾ ಜನ. ಮದರ್‌ಬೋರ್ಡಿಗೆ 24 ಪಿನ್ನಿಂದು ಎಲ್ಲದರಲ್ಲೂ ಇರತ್ತೆ. ಪ್ರೊಸೆಸರ್‌ಗೆ ಬೋರ್ಡಿನ ಮೇಲಿನ ಎಡ ಮೂಲೇಲಿ 8 ಪಿನ್ ಇರತ್ತೆ, ಕೆಲವು ಬೋರ್ಡಲ್ಲಿ ಎರಡು, ಕೇಬಲ್ಲು 4 ಪ್ಲಸ್ 4 ಆಗಿ ಬಿಡಿಸಿಕೊಳ್ಳೋ ಥರ ಬರತ್ತೆ. ಗ್ರಾಫಿಕ್ಸ್ ಕಾರ್ಡಿನದ್ದೂ 8 ಪಿನ್ನೇ, ಆದ್ರೆ ಅದು 6 ಪ್ಲಸ್ 2. ಇವೆರಡನ್ನ ಅದಲು ಬದಲು ಮಾಡೋಕೆ ಹೋಗ್ಬೇಡಿ, ಒಂದರಲ್ಲಿ 12 ವೋಲ್ಟ್ ಇರೋ ಕಡೆ ಇನ್ನೊಂದರಲ್ಲಿ ಗ್ರೌಂಡ್ ಇರತ್ತೆ, ಪಿನ್ ಆಕಾರ ಬೇರೆ ಮಾಡಿರೋದೇ ಅದಕ್ಕೆ, ಬಲವಂತವಾಗಿ ಒತ್ತಿದ್ರೆ ಶಾರ್ಟ್. ಸುಲಭವಾಗಿ ಕ್ಲಿಕ್ ಅಂತ ಕೂರಲಿಲ್ಲ ಅಂದ್ರೆ ತಪ್ಪು ಕೇಬಲ್ ಹಿಡ್ಕೊಂಡಿದ್ದೀರಿ ಅಂತಲೇ ತಿಳ್ಕೊಳ್ಳಿ.

ಕಾರ್ಡಿಗೆ ಸ್ಲಾಟಿಂದ 75 ವ್ಯಾಟ್ ಸಿಗತ್ತೆ, 6 ಪಿನ್ನಿಂದ 75, 8 ಪಿನ್ನಿಂದ 150. ಎರಡು 8 ಪಿನ್ ಬೇಡೋ ಕಾರ್ಡಿಗೆ ಒಂದೇ ಕೇಬಲ್ಲಿನ ಬಾಲಕ್ಕೆ ಅಂಟಿಸಿರೋ ಎರಡನೇ ಕನೆಕ್ಟರ್ ಹಾಕೋ ಬದಲು ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೀರಿ, ತಂತಿ ಬಿಸಿ ಆಗಲ್ಲ, ವೋಲ್ಟೇಜ್ ಬೀಳಲ್ಲ. ಮೊಲೆಕ್ಸ್ ಅನ್ನೋ ಹಳೇ 4 ಪಿನ್ ಕನೆಕ್ಟರ್‌ನಿಂದ, ಡಿಸ್ಕಿಗೆ ಹೋಗೋ ಸಾಟಾ ಕನೆಕ್ಟರ್‌ನಿಂದ 8 ಪಿನ್ ಮಾಡಿಕೊಡೋ ಅಡಾಪ್ಟರ್ ಸಿಗತ್ತಲ್ಲ, ಅದು ಬೇಡವೇ ಬೇಡ. ಸಾಟಾ ಪವರ್ ಕನೆಕ್ಟರ್ 12 ವೋಲ್ಟಲ್ಲಿ ಕೊಡಬಹುದಾದ್ದೇ 54 ವ್ಯಾಟ್, ಅದರ ಮೇಲೆ 150ರ ಭಾರ ಹಾಕಿದ್ರೆ ಪ್ಲಾಸ್ಟಿಕ್ ಕರಗತ್ತೆ.

ಹೊಸ ಕಾರ್ಡುಗಳಲ್ಲಿ 16 ಪಿನ್ನಿನ ಚಿಕ್ಕ ಕನೆಕ್ಟರ್ ಬಂದಿದೆ, 600 ವ್ಯಾಟ್‌ವರೆಗೆ ಅದೊಂದರಲ್ಲೇ. 2022ರ ಕೊನೇಲಿ 4090 ಬಂದಾಗ ಅದು ಕರಗಿದ ಫೋಟೋಗಳು ಎಲ್ಲಾ ಕಡೆ ಓಡಾಡಿದ್ವು, ಪೂರ್ತಿ ಒಳಗೆ ಕೂರದೇ ಇರೋದು ಮುಖ್ಯ ಕಾರಣಗಳಲ್ಲಿ ಒಂದು. ಆಮೇಲೆ ಬಂದ ತಿದ್ದಿದ ಆವೃತ್ತಿ 12ವಿ-2ಎಕ್ಸ್6, ಅದರಲ್ಲಿ ಪ್ಲಗ್ ಕೂತಿದೆಯಾ ಅಂತ ಕಾರ್ಡಿಗೆ ತಿಳಿಸೋ ಸೆನ್ಸ್ ಪಿನ್‌ಗಳನ್ನ ಗಿಡ್ಡ ಮಾಡಿದ್ದಾರೆ, ಪ್ಲಗ್ ಸರಿಯಾಗಿ ಕೂರದಿದ್ರೆ ಕಾರ್ಡ್ ಪವರ್ ಎಳೆಯೋದೇ ಇಲ್ಲ ಅನ್ನೋ ಲೆಕ್ಕ. ಯಾವುದಾದ್ರೂ ಸರಿ, ಬೆರಳಲ್ಲಿ ಒತ್ತಿ, ಪ್ಲಗ್ಗಿಗೂ ಸಾಕೆಟ್ಟಿಗೂ ಮಧ್ಯೆ ಗೆರೆಯಷ್ಟೂ ಸಂದಿ ಕಾಣಿಸ್ತಿಲ್ಲ ಅಂತ ಟಾರ್ಚ್ ಹಾಕಿ ನೋಡಿ, ಪ್ಲಗ್ ಬುಡದಲ್ಲೇ ಕೇಬಲ್ ಬಗ್ಗಿಸ್ಬೇಡಿ, ಮೂರು ನಾಲ್ಕು ಸೆಂಟಿಮೀಟರ್ ನೇರ ಬರಲಿ, ಅದಾದ್ಮೇಲೆ ತಿರುಗಲಿ.

ಇನ್ನು ಮಾಡ್ಯುಲರ್ ಕೇಬಲ್, ಅಂದ್ರೆ ಬೇಕಾದ ಕೇಬಲ್ ಮಾತ್ರ ಸಿಕ್ಕಿಸಿಕೊಳ್ಳೋದು. ಅನುಕೂಲ, ಒಳಗೆ ಗಾಳಿ ಓಡಾಡತ್ತೆ, ನೋಡೋಕೂ ಚೆನ್ನ. ಆದ್ರೆ ಕೇಬಲ್ಲಿನ ಪಾರ್ಟ್ ಕಡೆ ತುದಿಗೆ ಮಾತ್ರ ಜಗತ್ತಿಗೆಲ್ಲ ಒಂದೇ ನಿಯಮ, ಎಸ್‌ಎಂಪಿಎಸ್ ಕಡೆ ತುದಿಗೆ ಯಾವ ನಿಯಮನೂ ಇಲ್ಲ. ನಾನೊಂದ್ಸಲ ಎಸ್‌ಎಂಪಿಎಸ್ ಬದಲಾಯಿಸುವಾಗ ಹಾರ್ಡ್ ಡಿಸ್ಕಿಗೆ ಹೋಗಿದ್ದ ಹಳೇ ಕೇಬಲ್ ಬಿಚ್ಚೋದು ಯಾಕೆ, ಹೊಸದಕ್ಕೂ ಕೂರತ್ತಲ್ಲ ಅಂತ ಅದನ್ನೇ ಸಿಕ್ಕಿಸಿದೆ. ಸಲೀಸಾಗಿ ಕೂತಿತು. ಪವರ್ ಬಟನ್ ಒತ್ತಿದೆ, ಟಿಕ್ ಅಂತ ಸಣ್ಣ ಸದ್ದು, ಆಮೇಲೆ ಮೂಗಿಗೆ ಚುಚ್ಚೋ ಸುಟ್ಟ ವಾಸನೆ. 5 ವೋಲ್ಟ್ ಹೋಗಬೇಕಾದ ಪಿನ್ನಿಗೆ 12 ವೋಲ್ಟ್ ಹೋಗಿತ್ತು. ಆ ಡಿಸ್ಕಲ್ಲಿ ಮನೆಯವರ ಹಳೇ ಫೋಟೋ ಎಲ್ಲ ಇತ್ತು, ಬೇರೆ ಕಾಪಿ ಇರಲಿಲ್ಲ, ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ಎಸ್‌ಎಂಪಿಎಸ್ ಬದಲಾದ್ರೆ ಪ್ರತಿಯೊಂದು ಕೇಬಲ್ಲೂ ಬದಲಾಗ್ಬೇಕು, ಒಂದೇ ಬ್ರ್ಯಾಂಡ್ ಆದ್ರೂ ಸರಿ.

ಹಂತ 7: ಜಾಗ ಅಳೀರಿ

ಕ್ಯಾಬಿನೆಟ್ ಸ್ಪೆಸಿಫಿಕೇಶನ್‌ನಲ್ಲಿ ಮೂರು ಅಳತೆ ಇರತ್ತೆ, ಕಾರ್ಡಿನ ಉದ್ದ ಎಷ್ಟರವರೆಗೆ, ಕೂಲರ್ ಎತ್ತರ ಎಷ್ಟರವರೆಗೆ, ಎಸ್‌ಎಂಪಿಎಸ್ ಉದ್ದ ಎಷ್ಟರವರೆಗೆ. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ಅಗಲ 150 ಮಿಮೀ, ಎತ್ತರ 86 ಮಿಮೀ, ಉದ್ದ ಮಾತ್ರ 140ರಿಂದ ಶುರುವಾಗಿ 180ರವರೆಗೂ ಇರತ್ತೆ, ಅದರಾಚೆಗೆ ಕೇಬಲ್ ಬಗ್ಗೋಕೂ ಜಾಗ ಬೇಕು. ಚಿಕ್ಕ ಕ್ಯಾಬಿನೆಟ್‌ಗಳಿಗೆ ಎಸ್‌ಎಫ್‌ಎಕ್ಸ್, ಅದು 125 ಅಗಲ, 63.5 ಎತ್ತರ, 100 ಉದ್ದ. 120 ಮಿಮೀ ಫ್ಯಾನ್ ಇರೋ ಟವರ್ ಕೂಲರ್‌ಗಳು 155, 160 ಮಿಮೀ ಎತ್ತರ ಬರ್ತವೆ, ತೆಳ್ಳಗಿನ ಕ್ಯಾಬಿನೆಟ್‌ನಲ್ಲಿ ಪಕ್ಕದ ಬಾಗಿಲು ಮುಚ್ಚಲ್ಲ. ಬೋರ್ಡುಗಳಲ್ಲಿ ಎಟಿಎಕ್ಸ್ 305 ಇಂಟು 244 ಮಿಮೀ, ಮೈಕ್ರೋ ಎಟಿಎಕ್ಸ್ 244ರ ಚೌಕ, ಮಿನಿ ಐಟಿಎಕ್ಸ್ 170ರ ಚೌಕ.

ಹಂತ 8: ಗೋಡೆ ಕಡೆಗೂ ನೋಡಿ

ಎಸ್‌ಎಂಪಿಎಸ್ ಹಿಂದೆ ಚಿಕ್ಕ ಕೆಂಪು ಸ್ವಿಚ್ ಇದ್ದು ಅದರಲ್ಲಿ 115, 230 ಅಂತ ಇದ್ರೆ ಅದು ಹಳೇ ಮಾದರಿ, 230 ವೋಲ್ಟ್ ಇರೋ ಕಡೆ 115ಕ್ಕೆ ಇಟ್ಟು ಆನ್ ಮಾಡಿದ್ರೆ ಡಬ್ಬಿ ಢಂ ಅನ್ನತ್ತೆ. ಈಗಿನ ಒಳ್ಳೇವು ಎಲ್ಲಾ ವೋಲ್ಟೇಜನ್ನೂ ತಾವೇ ಗುರುತಿಸ್ತವೆ.

ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಂ ಅನ್ನತ್ತಾ? ಅದು ಅರ್ತಿಂಗ್ ಇಲ್ಲದ ಗುರುತು. ಎಸ್‌ಎಂಪಿಎಸ್ ಬಾಗಿಲಲ್ಲೇ ಇರೋ ಫಿಲ್ಟರ್ ಕೆಪಾಸಿಟರ್‌ಗಳು ಒಂಚೂರು ಕರೆಂಟನ್ನ ಅರ್ತ್‌ಗೆ ಬಿಡೋ ಥರನೇ ಮಾಡಿರೋದು, ಅರ್ತ್ ಇಲ್ಲದಿದ್ರೆ ಅದು ಕ್ಯಾಬಿನೆಟ್ ಲೋಹದ ಮೇಲೇ ನಿಲ್ಲತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಸರಿ ಮಾಡಿಸಿ, ಎಸ್‌ಎಂಪಿಎಸ್ ಬದಲಾಯಿಸಿದ್ರೆ ಹೋಗಲ್ಲ.

ಯುಪಿಎಸ್ ಇದ್ರೆ ಅದರ ಮೇಲಿನ ವಿಎ (ವೋಲ್ಟ್ ಆಂಪಿಯರ್) ಸಂಖ್ಯೆ ನಂಬಿ ಕೂರಬೇಡಿ, 1000 ವಿಎ ಅಂತ ಇರೋದು ಎಷ್ಟೋ ಸಲ 600 ವ್ಯಾಟ್ ಅಷ್ಟೇ. ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅನ್ನೋ, ಗೋಡೆಯಿಂದ ಕರೆಂಟನ್ನ ಹದವಾಗಿ ಎಳೆಯೋ ಸರ್ಕ್ಯೂಟ್ ಇರತ್ತೆ, ಬ್ಯಾಟರಿಗೆ ಹೋದಾಗ ಚೌಕಾಕಾರದ ಅಲೆ ಕೊಡೋ ಅಗ್ಗದ ಯುಪಿಎಸ್ ಜೊತೆ ಕೆಲವಕ್ಕೆ ಹೊಂದಲ್ಲ, ಕರೆಂಟ್ ಹೋದ ಕೂಡಲೇ ಸಿಸ್ಟಮ್ಮೂ ಆಫ್. ಪ್ಯೂರ್ ಸೈನ್ ವೇವ್, ಅಂದ್ರೆ ಮನೆ ಕರೆಂಟಿನ ಹಾಗೇ ನುಣುಪಾದ ಅಲೆ ಕೊಡೋದು ತಗೊಂಡ್ರೆ ಈ ತಲೆನೋವಿಲ್ಲ.

ಹಂತ 9: ಜೋಡಿಸಿ, ಆನ್ ಮಾಡಿ

ಮೊದಲು ಕ್ಯಾಬಿನೆಟ್ ಹೊರಗೆ, ಮದರ್‌ಬೋರ್ಡ್ ಪೆಟ್ಟಿಗೆ ಮೇಲೆ ಬೋರ್ಡ್ ಇಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್ ಮಾತ್ರ ಹಾಕಿ ಆನ್ ಮಾಡಿ ನೋಡಿ, ಒಳಗೆ ಕೂರಿಸಿದ ಮೇಲೆ ತಪ್ಪು ಹುಡುಕೋದು ಕಷ್ಟ. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ರೆ ಕಾರ್ಡೂ ಹಾಕ್ಬೇಕು. ಎರಡು ರ‍್ಯಾಮ್ ಕಡ್ಡಿ, ನಾಲ್ಕು ಸ್ಲಾಟ್ ಇದ್ರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತು ನಾಲ್ಕನೇದು. ಡಿಡಿಆರ್5 ಸಿಸ್ಟಮ್ ಮೊದಲ ಸಲ ಆನ್ ಆದಾಗ ರ‍್ಯಾಮ್ ಟ್ರೈನಿಂಗ್ ಅಂತ ಕೆಲವು ನಿಮಿಷ ಕಪ್ಪು ಸ್ಕ್ರೀನಲ್ಲೇ ಇರತ್ತೆ, ಗಾಬರಿಯಾಗಿ ಸ್ವಿಚ್ ಆಫ್ ಮಾಡ್ಬೇಡಿ. ಏನೂ ಬರಲಿಲ್ಲ ಅಂದ್ರೆ ಎಷ್ಟೋ ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಪುಟ್ಟ ಲೈಟ್ ಇರತ್ತೆ, ಯಾವುದು ಉರೀತಾ ನಿಂತಿದೆಯೋ ಅಲ್ಲೇ ತೊಂದ್ರೆ.

ಎಲ್ಲಾ ಸರಿ ಅಂದ್ಮೇಲೆ ಕ್ಯಾಬಿನೆಟ್ ಒಳಗೆ ಕೂರಿಸಿ. ಬೋರ್ಡನ್ನ ಕ್ಯಾಬಿನೆಟ್ ಲೋಹದಿಂದ ಮೇಲೆತ್ತಿ ಹಿಡಿಯೋ ಸ್ಟ್ಯಾಂಡ್‌ಆಫ್ ಸ್ಕ್ರೂಗಳು ಬೋರ್ಡಿನ ತೂತು ಇರೋ ಕಡೆ ಮಾತ್ರ ಇರಲಿ, ಒಂದು ಹೆಚ್ಚಿಗೆ ಉಳಿದು ಬೋರ್ಡ್ ಬೆನ್ನಿಗೆ ತಗುಲಿದ್ರೂ ಶಾರ್ಟ್. ಎಸ್‌ಎಂಪಿಎಸ್ ಕೆಳಗೆ ಕೂರೋ ಕ್ಯಾಬಿನೆಟ್ ಆದ್ರೆ ತಳದಲ್ಲಿ ಜಾಲರಿ ಇದ್ರೆ ಫ್ಯಾನ್ ಕೆಳಮುಖ, ಜಾಲರಿ ಇಲ್ಲದಿದ್ರೆ ಮೇಲ್ಮುಖ. ಮಾನಿಟರ್ ಕೇಬಲ್ ಕಾರ್ಡಿಗೆ ಹಾಕಿ, ಬೋರ್ಡಿಗಲ್ಲ. ಬಯಾಸ್‌ಗೆ, ಅಂದ್ರೆ ಬೋರ್ಡಿನ ಸೆಟ್ಟಿಂಗ್ ಪೇಜಿಗೆ ಹೋಗಿ ರ‍್ಯಾಮ್ ಸ್ಪೀಡಿನ ಸೆಟ್ಟಿಂಗ್, ಇಂಟೆಲ್‌ನಲ್ಲಿ ಎಕ್ಸ್‌ಎಂಪಿ, ಎಎಂಡಿಯ ಎಎಂ5ನಲ್ಲಿ ಎಕ್ಸ್‌ಪೋ ಆನ್ ಮಾಡಿ, ಇಲ್ಲದಿದ್ರೆ ರ‍್ಯಾಮ್ ತನ್ನ ಮೂಲ ಸ್ಪೀಡಲ್ಲೇ ತೆವಳತ್ತೆ.

ಆಮೇಲೆ ಒಂದು ಗಂಟೆ ಪೂರ್ತಿ ಲೋಡ್ ಹಾಕಿ ಪರೀಕ್ಷಿಸೋ ಸಾಫ್ಟ್‌ವೇರ್, ಓಸಿಸಿಟಿ ಅಥವಾ ಪ್ರೊಸೆಸರ್‌ಗೆ ಪ್ರೈಮ್95, ಕಾರ್ಡಿಗೆ ಫರ್‌ಮಾರ್ಕ್ ಓಡಿಸಿ. ಪಕ್ಕದಲ್ಲೇ ಕೂತಿರಿ. ಸಾಫ್ಟ್‌ವೇರ್‌ನಲ್ಲಿ ಕಾಣೋ 12 ವೋಲ್ಟ್ ರೀಡಿಂಗ್ ಅಷ್ಟು ನಂಬೋ ಹಾಗಿಲ್ಲ, ಮಲ್ಟಿಮೀಟರ್ ಇದ್ರೆ ಖಾಲಿ ಇರೋ ಮೊಲೆಕ್ಸ್ ಕನೆಕ್ಟರ್‌ನಲ್ಲಿ ಕಪ್ಪು ತಂತಿ ಪಿನ್ನಿಗೆ ಒಂದು ಕಡ್ಡಿ, ಹಳದಿಗೆ ಇನ್ನೊಂದು ಇಟ್ಟು ನೋಡಿ, 11.4ರಿಂದ 12.6ರೊಳಗೆ ಇರಬೇಕು. ಕೆಂಪಿಗೆ ಇಟ್ರೆ 4.75ರಿಂದ 5.25. ಎಲ್ಲಾ ತಂತಿ ಕಪ್ಪು ಬಣ್ಣದ್ದಾಗಿದ್ರೆ ಮಧ್ಯದ ಎರಡು ಪಿನ್ ಗ್ರೌಂಡ್, ಅಂಚಿನ ಎರಡರಲ್ಲಿ ಒಂದು 12, ಒಂದು 5. ಲೋಡ್ ಏರಿದಾಗ 12 ವೋಲ್ಟ್ 11.4ರ ಕೆಳಗೆ ಜಾರ್ತಾ ಹೋದ್ರೆ ಎಸ್‌ಎಂಪಿಎಸ್ ವಾಪಸ್ ಮಾಡಿ. ಡಬ್ಬಿ ಬಿಚ್ಚಿ ರಿಪೇರಿ ಮಾಡ್ತೀನಿ ಅಂತ ಮಾತ್ರ ಹೋಗ್ಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 400 ವೋಲ್ಟ್ ಹತ್ರ ಉಳಿದಿರಬಹುದು, ಜೀವಕ್ಕೇ ಅಪಾಯ.

ಎಲ್ಲಾ ಮುಗಿದ ಮೇಲೆ ಮಿಕ್ಕಿದ ಮಾಡ್ಯುಲರ್ ಕೇಬಲ್‌ಗಳನ್ನ ಒಂದು ಚೀಲಕ್ಕೆ ಹಾಕಿ, ಮೇಲೆ ಎಸ್‌ಎಂಪಿಎಸ್ ಕಂಪನಿ, ಮಾಡೆಲ್, ತಗೊಂಡ ತಾರೀಖು ಬರೆದ ಚೀಟಿ ಅಂಟಿಸಿ, ಬಿಲ್ಲಿನ ಜೊತೆ ಇಡಿ. ನನ್ನ ಹತ್ರ ಈಗ ಅಂಥ ಮೂರು ಚೀಲ ಇವೆ, ಒಂದರ ಕೇಬಲ್ ಇನ್ನೊಂದಕ್ಕೆ ಸೇರಲ್ಲ.